ಎರಡು ಸಿಲಿಂಡರಿಗೆ ಎರಡು ಕಂಪ್ರೆಷನ್: ಅನುಭವ ಇದ್ದವರು ಹೇಳಿ

ಗಂಗೊಳ್ಳಿಯಿಂದ ಪ್ರಶ್ನೆ: ನಾಡದೋಣಿಯ 9.9 ಎಚ್‌ಪಿ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್, ಸೀಮೆಎಣ್ಣೆಯದು, 14 ವರ್ಷ ಹಳೆಯದು. ಕಂಪ್ರೆಷನ್ (ಪಿಸ್ಟನ್ ಒಳಗಿನ ಗಾಳಿಯನ್ನು ಒತ್ತುವ ಒತ್ತಡ) ಗೇಜ್ ಹಾಕಿದರೆ ಮೇಲಿನ ಸಿಲಿಂಡರ್ 64 ಪಿಎಸ್‌ಐ, ಕೆಳಗಿನದು 92. ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಬೋರ್ ಮಾಡಿಸಬೇಕೋ (ಸಿಲಿಂಡರಿನ ಒಳಗೋಡೆ ಕೊರೆಸಬೇಕೋ), ಪಿಸ್ಟನ್ನಿನ ಸುತ್ತ ಗಾಳಿ ಸೋರದಂತೆ ತಡೆಯುವ ರಿಂಗ್ ಹಾಕಿದರೆ ಸಾಕೋ? ಜೂನ್ 1ಕ್ಕೆ ಮಳೆಗಾಲದ ನಿಷೇಧ ಶುರುವಾಗಿ ಟ್ರಾಲ್ ಬೋಟುಗಳು ದಡ ಸೇರುತ್ತವೆ. ಆಮೇಲಿನ ಎರಡು ತಿಂಗಳೇ ನಮ್ಮ ದುಡಿಮೆ.

ಮಲ್ಪೆ: ಹೋದ ವರ್ಷ ನನಗೂ ಇದೇ ಆಯಿತು. ಗೇಜ್ ನೋಡಿದ ಕೂಡಲೇ ಮೆಕ್ಯಾನಿಕ್ "ಪಿಸ್ಟನ್ ಹೋಗಿದೆ" ಅಂದ. ಬಿಲ್ಲು ಇನ್ನೂ ಇಟ್ಟುಕೊಂಡಿದ್ದೇನೆ. ಮೇಲಿನ ಒಂದೇ ಸಿಲಿಂಡರಿಗೆ ಪಿಸ್ಟನ್ ಕಿಟ್ 3,800, ಲೇತಿನಲ್ಲಿ 0.50 ಮಿ.ಮೀ. ಓವರ್‌ಸೈಜ್ ಬೋರ್ 1,400, ಗ್ಯಾಸ್ಕೆಟ್ (ಸಂದು ಮುಚ್ಚುವ ತೆಳು ಹಾಳೆ) 900, ಕೂಲಿ 2,500. ಒಟ್ಟು 8,600. ಹನ್ನೊಂದನೇ ದಿನ ಅಳಿವೆ ದಾಟುವಾಗ ಅದೇ ಪಿಸ್ಟನ್ ಜಾಮ್. ಬಲೆ ಸಮೇತ ಇನ್ನೊಂದು ದೋಣಿಗೆ ಹಗ್ಗ ಕಟ್ಟಿ ಬಂದೆವು. ಕಾರಣ ಏನು ಗೊತ್ತಾ? ಇಂಜಿನ್ ತಂಪಾಗಿಡುವ ನೀರನ್ನು ಎತ್ತುವ ರಬ್ಬರ್ ಚಕ್ರ, ಇಂಪೆಲ್ಲರಿನ ಎರಡು ರೆಕ್ಕೆ ತುಂಡಾಗಿ ಮೇಲೆ ನೀರು ಹೋಗುವ ದಾರಿಯಲ್ಲಿ ಸಿಕ್ಕಿಕೊಂಡಿದ್ದವು. ಹೊರಗೆ ನೀರು ಚಿಮ್ಮುತ್ತಲೇ ಇತ್ತು, ಸಿಲಿಂಡರಿನ ಮುಚ್ಚಳ, ಅಂದರೆ ಹೆಡ್ ಮಾತ್ರ ಬೇಯುತ್ತಿತ್ತು. 450 ರೂಪಾಯಿಯ ರಬ್ಬರ್! ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೊನ್ನಾವರ: ನಾನು ಇಂಜಿನ್ ಬಿಚ್ಚಲೇ ಇಲ್ಲ. ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಹಾಕಿ ಅಳೆದೆ, 70 ಇದ್ದದ್ದು 90ಕ್ಕೆ ಏರಿತು. ಆಯಿಲ್ ಸಂದು ಮುಚ್ಚಿ ಏರಿತು ಅಂದರೆ ಸೋರುವುದು ರಿಂಗ್ ಅಂತ ಗೊತ್ತಾಯಿತು. ಎಕ್ಸಾಸ್ಟ್ ಕವರ್ ತೆಗೆದು ಬಿದಿರಿನ ಕಡ್ಡಿಯಿಂದ ರಿಂಗ್ ಒತ್ತಿದೆ. ಕೆಳಗಿನದು ಒತ್ತಿದರೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಮೇಲಿನದು ಮಸಿ ಕಟ್ಟಿ ಅಲ್ಲಾಡಲಿಲ್ಲ. ಮೂರು ರಾತ್ರಿ ಕಾರ್ಬನ್ ಕ್ಲೀನರಿನಲ್ಲಿ ನೆನೆಸಿದೆ, ಬಿಟ್ಟುಕೊಂಡಿತು. ಖರ್ಚು 380.

ಭಟ್ಕಳ: ಚಮಚದ ಲೆಕ್ಕ ಬೈಕಿಗೆ ಸರಿ ಮಾರಾಯ್ರೆ, ಇದಕ್ಕಲ್ಲ. ಔಟ್‌ಬೋರ್ಡಿನಲ್ಲಿ ಸಿಲಿಂಡರ್ ಅಡ್ಡ ಮಲಗಿರುತ್ತದೆ. ಆಯಿಲ್ ಕೆಳಗಿನ ಬದಿಯಲ್ಲೇ ನಿಲ್ಲುತ್ತದೆ, ರಿಂಗಿನ ಸುತ್ತ ಹೋಗುವುದಿಲ್ಲ. ಮೇಲಾಗಿ ಆ ಆಯಿಲ್ಲೇ ಜಾಗ ತಿಂದು ಗೇಜಿನ ಮುಳ್ಳನ್ನು ಏರಿಸುತ್ತದೆ. ಇದನ್ನೇ ನಂಬಿ ನಾನು ಎರಡು ಸಲ ರಿಂಗ್ ಹಾಕಿಸಿ ದುಡ್ಡು ಕಳೆದುಕೊಂಡಿದ್ದೇನೆ.

ಹೊನ್ನಾವರ: ನಿಮಗೆ ಕೆಲಸ ಮಾಡಲಿಲ್ಲ ಅಂತ ನನ್ನದು ಸುಳ್ಳಾ? ಆಮೇಲೆ ಎರಡು ಮಳೆಗಾಲ ಬಂಗುಡೆ ಹಿಡಿದಿದ್ದೇನೆ ಅದೇ ಇಂಜಿನ್ನಿನಲ್ಲಿ.

ಕುಂದಾಪುರ: ನಾನು 22 ವರ್ಷದಿಂದ ಇದೇ ರಿಪೇರಿ ಮಾಡುವವನು. ಎಲ್ಲದಕ್ಕೂ ಮೆಕ್ಯಾನಿಕ್ಕನ್ನು ಬೈಯಬೇಡಿ. ಇಂಪೆಲ್ಲರ್ ಬದಲಿಸಿ ಅಂತ ಪ್ರತಿ ವರ್ಷ ಹೇಳುತ್ತೇವೆ, ಕೇಳುವವರು ಯಾರು? ಅಳೆಯುವುದೂ ಹಾಗೇ. ಎರಡೂ ಪ್ಲಗ್ ತೆಗೆಯಬೇಕು, ಪ್ಲಗ್ ವಯರ್ ಅರ್ತ್ ಮಾಡಬೇಕು, ಥ್ರಾಟಲ್ ಪೂರ್ತಿ ತೆರೆದು ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆಯಬೇಕು. ಕೈಯಲ್ಲಿ ಒತ್ತಿ ಹಿಡಿಯುವ ರಬ್ಬರ್ ಗೇಜಾದರೆ ಗಾಳಿ ಸೋರುತ್ತದೆ. ತಿರುಪಿನ ಗೇಜೇ ಬೇಕು. ಪೆಟ್ರೋಲ್ ಇಂಜಿನ್ನಿನ ಪುಸ್ತಕದ ನಂಬರ್ ಇಟ್ಟುಕೊಂಡು ಹೆದರಬೇಡಿ, ಸೀಮೆಎಣ್ಣೆಯದಕ್ಕೆ ಕಂಪ್ರೆಷನ್ ಕಡಿಮೆಯೇ. ಎರಡರ ನಡುವಿನ ಅಂತರ ನೋಡಿ.

ಮಲ್ಪೆ: ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ 8,600 ಉಳಿಯುತ್ತಿತ್ತು.

ಭಟ್ಕಳ: ಮಸಿ ಯಾಕೆ ಕಟ್ಟುತ್ತದೆ ಅದನ್ನು ಹೇಳಿ. 25 ಲೀಟರ್ ಸೀಮೆಎಣ್ಣೆಗೆ 1 ಲೀಟರ್ ಆಯಿಲ್ ಸುರಿಯುತ್ತೀರಿ, ಅದಕ್ಕೇ.

ಹೊನ್ನಾವರ: ಆಯಿಲ್ ಜಾಸ್ತಿಯಾದರೆ ಪ್ಲಗ್ ಹೋದೀತು. ಕಡಿಮೆಯಾದರೆ ಇಂಜಿನ್ನೇ ಹೋಗುತ್ತದೆ. ಬಂದರಿಗೆ ಬರುವ ಮೊದಲು ಐದು ನಿಮಿಷ ಪೆಟ್ರೋಲಿನಲ್ಲಿ ಓಡಿಸಿ ನಿಲ್ಲಿಸಿದರೆ ಮಸಿಯೂ ಇಲ್ಲ, ಏನೂ ಇಲ್ಲ.

ಭಟ್ಕಳ: ಪೆಟ್ರೋಲ್ ದರ ನೀವು ಕೊಡುತ್ತೀರಾ?

ಗಂಗೊಳ್ಳಿ: ಕುಂದಾಪುರದ ಅಣ್ಣ ಹೇಳಿದ ಹಾಗೆ ಮತ್ತೆ ಅಳೆದೆ. 78 ಮತ್ತು 94. ಪ್ಲಗ್ ತೆಗೆದಾಗ ಮೇಲಿನದರಲ್ಲಿ ಸಣ್ಣ ನೀರಿನ ಹನಿ ಕಂಡಿತು, ಅದಕ್ಕೇ ಹೆಡ್ ಬಿಚ್ಚಿದೆ. ಕೆಳಗಿನ ಪಿಸ್ಟನ್ನಿನ ತಲೆ ಪೂರ್ತಿ ಮಸಿ. ಮೇಲಿನದರ ಒಂದು ಅಂಚು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗೆ. ಸರಿಯಾಗಿ ಅದೇ ಕಡೆ ಗ್ಯಾಸ್ಕೆಟ್ ಸುಟ್ಟು ಬೆಂಕಿಕಡ್ಡಿಯಷ್ಟು ಅಗಲ ಕರಿ ಗೆರೆ ಬಿದ್ದಿದೆ. ಬೋರಿಗೆ ಉಗುರು ಎಳೆದರೆ ಎಲ್ಲೂ ಸಿಕ್ಕುವುದಿಲ್ಲ. ದಪ್ಪ ಗಾಜಿನ ಮೇಲೆ ಎಮೆರಿ ಹಾಳೆ ಹಾಸಿ ಹೆಡ್ ಉಜ್ಜಿ ಸಮ ಮಾಡಿದೆ, ಹೊಸ ಗ್ಯಾಸ್ಕೆಟ್ ಹಾಕಿದೆ. ಈಗ 91, 94.

ಮಲ್ಪೆ: ಇಂಪೆಲ್ಲರ್ ಬಿಚ್ಚಿ ನೋಡಿದ್ರಾ? ಗ್ಯಾಸ್ಕೆಟ್ ಸುಮ್ನೆ ಸುಡುವುದಿಲ್ಲ. ನಾಳೆಯೇ ನೋಡಿ.