ಇಂಪ್ಲಾಂಟ್‌ಗೆ ‘ದಂತ ಕಸಿ’ ಸರಿಯೇ?

ಗೆಳೆಯರೇ,

ಬಚ್ಚಲಿನಲ್ಲಿ ಜಾರಿ ಬಿದ್ದಾಗ ಪೆಟ್ಟು ತಿಂದಿದ್ದ ಅಮ್ಮನ ಮುಂದಿನ ಹಲ್ಲು ವರ್ಷ ಕಳೆಯುವುದರೊಳಗೆ ಬೂದುಬಣ್ಣಕ್ಕೆ ತಿರುಗಿತು. ಒಳಗಿನ ತಿರುಳು ಸತ್ತಿದೆ, ಬೇರೂ ಸೀಳಿದೆ, ಕಿತ್ತು ಇಂಪ್ಲಾಂಟ್ ಹಾಕಬೇಕು ಎಂದರು ವೈದ್ಯರು. ಸಹಿಗೆ ಕೊಟ್ಟ ಒಪ್ಪಿಗೆ ಪತ್ರದಲ್ಲಿ ‘ದಂತ ಕಸಿ ಚಿಕಿತ್ಸೆ’ ಎಂದಿತ್ತು. ಅಮ್ಮ ಅದನ್ನು ಓದಿ, ಪೆನ್ನು ಕೆಳಗಿಟ್ಟು, “ಯಾರ ಹಲ್ಲು ತಂದು ಹಾಕುತ್ತಾರೆ?” ಎಂದು ಕೇಳಿದರು.

“ಯಾರದೂ ಅಲ್ಲ, ದವಡೆಯಲ್ಲಿ ಲೋಹದ ಗೂಟ ನೆಟ್ಟು ಅದರ ಮೇಲೆ ಹಲ್ಲು ಕೂರಿಸುತ್ತಾರೆ” ಎಂದ ಮೇಲೆಯೇ ಸಹಿ ಹಾಕಿದರು. ಅವರು ಹೆದರಿದ್ದರಲ್ಲಿ ತಪ್ಪಿಲ್ಲ. ಮೂತ್ರಪಿಂಡ ಕಸಿಯ ಸುದ್ದಿ ಓದಿದವರಿಗೆ ಕಸಿ ಎಂದರೆ ಒಬ್ಬರ ಅಂಗ ಇನ್ನೊಬ್ಬರಿಗೆ. ತೋಟದಲ್ಲೂ ಅಷ್ಟೇ, ಮಾವಿನ ಗಿಡಕ್ಕೆ ಬೇರೆ ತಳಿಯ ಕುಡಿ ಕಟ್ಟಿದಾಗ ಎರಡಕ್ಕೂ ಜೀವವಿರುತ್ತದೆ. ಇಲ್ಲಿ ಇಳಿಸುವುದು ಟೈಟಾನಿಯಂ ತಿರುಪು. ಅದೂ ಅಲ್ಲದೆ, ದವಡೆ ಸವೆದವರಿಗೆ ಮೊದಲು ಮೂಳೆ ಕಸಿಯನ್ನೇ ಮಾಡಬೇಕಾಗುವುದುಂಟು. ಒಂದೇ ಹಾಳೆಯಲ್ಲಿ ಎರಡು ‘ಕಸಿ’ ಬಂದರೆ ರೋಗಿ ಯಾವುದನ್ನು ಏನೆಂದು ತಿಳಿಯಬೇಕು?

‘ದಂತ ನಾಟಿ’ ಎನ್ನಬಹುದು, ಆದರೆ ನಾಟಿ ಮಾಡಿದ ಪೈರು ತಾನೇ ಬೇರು ಬಿಡುತ್ತದೆ. ಈ ತಿರುಪು ಸುಮ್ಮನೆ ಕೂತಿರುತ್ತದೆ, ಮೂಳೆಯೇ ಬೆಳೆದು ಬಂದು ಹಿಡಿದುಕೊಳ್ಳುತ್ತದೆ. 1952ರಲ್ಲಿ ಸ್ವೀಡನ್ನಿನ ವೈದ್ಯ-ಸಂಶೋಧಕ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ಇಟ್ಟಿದ್ದ ಟೈಟಾನಿಯಂ ಸಾಧನವನ್ನು ತೆಗೆಯಲು ಹೋದಾಗ ಅದು ಕದಲಲಿಲ್ಲ. ಅಲ್ಲಿಂದ ಹುಟ್ಟಿದ ವಿಧಾನವನ್ನು 1965ರಲ್ಲಿ ಅವರು ಮನುಷ್ಯರ ದವಡೆಗೆ ತಂದರು. ಈ ಹಿಡಿತ ಗಟ್ಟಿಯಾಗಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು, ಮೇಲೆ ಕಾಣುವ ಹಲ್ಲು, ಅಂದರೆ ಕ್ಯಾಪ್, ಕೂರಿಸುವುದು ಹೆಚ್ಚಾಗಿ ಆಮೇಲೆ.

ಅಮ್ಮನಿಗೆ ಹೇಳುವಾಗ ನನ್ನ ಬಾಯಿಗೆ ತಾನಾಗಿ ಬಂದ ‘ನೆಡು’ ಎಂಬುದೇ ನನಗೆ ಹಿಡಿಸಿದೆ. ಕಂಬ ನೆಡುತ್ತೇವೆ, ಗಡಿಕಲ್ಲು ನೆಡುತ್ತೇವೆ. ಜೀವವಿಲ್ಲದ್ದನ್ನೂ ನೆಡಬಹುದು, ಸುತ್ತಲಿನ ನೆಲ ಅದನ್ನು ಹಿಡಿಯುತ್ತದೆ. ಬಿಚ್ಚಿಟ್ಟು ತೊಳೆಯುವ ‘ಕಟ್ಟಿಸಿದ ಹಲ್ಲು’ ಬೇರೆ, ‘ನೆಟ್ಟ ಹಲ್ಲು’ ಬೇರೆ ಎಂಬುದೂ ಸ್ಪಷ್ಟವಾಗುತ್ತದೆ.

ನನ್ನ ಅನುಮಾನ ಒಂದೇ: ‘ನೆಟ್ಟ ಹಲ್ಲು’ ಎಂದರೆ ನಿಮ್ಮ ಕಿವಿಗೆ ‘ನೆಟ್ಟಗಿರುವ ಹಲ್ಲು’ ಎಂದು ಕೇಳಿಸುತ್ತದೆಯೇ? ಇಲ್ಲಿರುವ ದಂತವೈದ್ಯರು ರೋಗಿಗಳ ಎದುರು ಏನೆನ್ನುತ್ತೀರಿ? ಹಾಗೆಯೇ, ಮುರಿದ ಮೂಳೆಗೆ ‘ಕೂಡಿಕೊಂಡಿತು’ ಎನ್ನುತ್ತೇವಲ್ಲ, ಮೂಳೆ ಲೋಹವನ್ನು ಹಿಡಿದುಕೊಳ್ಳುವುದಕ್ಕೂ ಅದೇ ಮಾತು ಸಲ್ಲುತ್ತದೆಯೇ?