ನೀಲಿ ಚಿಪ್ಸು, ಕಾಣೆಯಾದ ಚುಕ್ಕಿ

ಜಾಲಹಳ್ಳಿ ಕ್ರಾಸಿನ ಹತ್ತಿರ ಒಂದು ದರ್ಶಿನಿಯಲ್ಲಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾವು ನಾಲ್ಕು ಜನ ಸೇರುತ್ತೇವೆ. ನಿಂತು ತಿನ್ನುವ ಹೋಟೆಲು, ಆದರೆ ಹರಟೆ ಮಾತ್ರ ಚಾಪೆ ಹಾಸಿಕೊಂಡು ಕೂತವರದು. ಕಾಫಿ ಹೇಳುವ ಜವಾಬ್ದಾರಿ ಶಾಮಣ್ಣನವರದು. ಅವರು ಎಡಗೈ ಎತ್ತಿ ನಾಲ್ಕು ಬೆರಳು ತೋರಿಸಿದರೆ ಸಾಕು, ಕೌಂಟರಿನ ಮಂಜಣ್ಣ "ಮೂರೂವರೆ ಕಾಫೀ..." ಎಂದು ಒಳಗೆ ಕೂಗುತ್ತಿದ್ದ. ಶಾಮಣ್ಣನವರ ತೋರುಬೆರಳು ಇರುವುದೇ ಅರ್ಧ. ಇನ್ನರ್ಧವನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ಯಾವುದೋ ಪವರ್ ಪ್ರೆಸ್ ನುಂಗಿತ್ತು.

ಹೋದ ಭಾನುವಾರ ನೋಡಿದರೆ ಕೌಂಟರಿನಲ್ಲಿ ಮಂಜಣ್ಣ ಇಲ್ಲ. ಅವನ ಜಾಗದಲ್ಲಿ ಆಳೆತ್ತರದ ಒಂದು ಪರದೆ. ತಿಂಡಿಯ ಚಿತ್ರ ಮುಟ್ಟಬೇಕು, ಫೋನಿನಲ್ಲಿ ದುಡ್ಡು ಕಟ್ಟಬೇಕು, ಟೋಕನ್ ತಾನಾಗಿ ಹೊರಗೆ ಬರುತ್ತದೆ. ಶಾಮಣ್ಣ ಅಭ್ಯಾಸಬಲದಿಂದ ಪರದೆಗೆ ಬೆರಳು ತೋರಿಸಿದರು. ಪರದೆ ರವೆ ಇಡ್ಲಿಯ ಫೋಟೋ ತೋರಿಸಿತು. ಇವರು ಕೈ ಇನ್ನೂ ಮೇಲಕ್ಕೆತ್ತಿದರು. ಪರದೆ ಸೆಟ್ ದೋಸೆ ತೋರಿಸಿತು. ಹಿಂದೆ ಕ್ಯೂನಲ್ಲಿದ್ದ ಹುಡುಗ "ಅಂಕಲ್, ಟಚ್ ಮಾಡಿ" ಅಂದ.

"ಟಚ್ ಮಾಡಿದ್ದಕ್ಕೇ ಒಂದ್ಸಲ ಅರ್ಧ ಬೆರಳು ಹೋಗಿದೆ ಕಣಪ್ಪಾ!"

ಕೊನೆಗೆ ಗಿರೀಶ ಬಂದು ಒತ್ತಿ, ದುಡ್ಡು ಕಟ್ಟಿದ. ಅಲ್ಲಿಂದ ಶುರುವಾಯಿತು.

ನಮ್ಮ ಕೂಟದ ಪರಿಚಯ ಹೇಳಿಬಿಡುತ್ತೇನೆ. ಶಾಮಣ್ಣ ಐಟಿಐ ಟರ್ನರ್, ಮೂವತ್ತೈದು ವರ್ಷ ಲೇತ್ ಮುಂದೆ ನಿಂತವರು. ಗಿರೀಶ ಪೀಣ್ಯದ ಒಂದು ಶೆಡ್ಡಿನಲ್ಲಿ ಮೂರು ಸಿಎನ್‌ಸಿ ಮಿಷನ್, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಹೆರೆಯುವ ಮಿಷನ್ ಇಟ್ಟುಕೊಂಡವನು; ಅವನನ್ನು ಮಾಲೀಕ ಅಂದರೆ ಸಾಲ ಕೊಟ್ಟ ಬ್ಯಾಂಕಿನವರಿಗೆ ಬೇಜಾರಾಗುತ್ತದೆ. ನಾಗರತ್ನಕ್ಕ ಗಾರ್ಮೆಂಟ್ಸಿನಲ್ಲಿ ಟೈಲರು. ನಾನು ರಿಟೈರಾದ ಬ್ಯಾಂಕ್ ಗುಮಾಸ್ತ. ಎಂಬತ್ತರ ದಶಕದಲ್ಲಿ ಕಂಪ್ಯೂಟರ್ ಬೇಡವೇ ಬೇಡ ಎಂದು ಗಂಟಲು ಹರಿಯುವಂತೆ ಕೂಗಿದವನು. ಲೆಡ್ಜರ್ ಪೋಸ್ಟಿಂಗ್ ಮಿಷನ್ ಮುಂದೆ ಕೂರುವವರಿಗೆ ಸ್ಪೆಷಲ್ ಅಲೋಯನ್ಸ್ ಉಂಟು ಎಂದು ಗೊತ್ತಾದ ದಿನ ಮೊದಲ ಅರ್ಜಿ ಹಾಕಿದವನೂ ನಾನೇ. ಹೀಗಾಗಿ ಈ ವಿಷಯದಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

ಆದರೂ ಬಾಯಿ ಸುಮ್ಮನಿರಬೇಕಲ್ಲ. "ಇಂಗ್ಲೆಂಡಿನಲ್ಲಿ 1811ರಲ್ಲಿ ನಾಟಿಂಗ್‌ಹ್ಯಾಮ್ ಕಡೆ ಕಾಲುಚೀಲ ಹೆಣೆಯೋ ಕೆಲಸಗಾರರು ರಾತ್ರೋರಾತ್ರಿ ನುಗ್ಗಿ ಮಗ್ಗ ಒಡೆದು ಹಾಕಿದ್ರು. ಲಡ್ಡೈಟ್ಸ್ ಅಂತ ಹೆಸರು. ಮಾರನೇ ವರ್ಷವೇ ಸರ್ಕಾರ ಕಾನೂನು ತಂತು, ಮಿಷನ್ ಒಡೆದರೆ ಗಲ್ಲು ಅಂತ. ಆಗ ಪಾರ್ಲಿಮೆಂಟಿನಲ್ಲಿ ಇವರ ಪರ ಮಾತಾಡಿದವನು ಕವಿ ಬೈರನ್."

"ಮಿಷನ್ ಒಡೆದ್ರೆ ಮನುಷ್ಯನಿಗೆ ಗಲ್ಲಾ?" ಶಾಮಣ್ಣ ಅರ್ಧ ಬೆರಳು ನೋಡಿಕೊಂಡರು. "ಮನುಷ್ಯನ್ನ ಒಡೆದ ಮಿಷನ್ನಿಗೆ ಏನ್ ಮಾಡಿದ್ರಂತೆ?"

"ಎಣ್ಣೆ ಬಿಟ್ಟಿರ್ತಾರೆ" ಅಂದರು ನಾಗರತ್ನಕ್ಕ.

ನಮ್ಮವರು ಹಾಗಲ್ಲ ಬಿಡಿ. ಒಡೆಯುವುದಿದ್ದರೆ ಮಿಷನ್ ಮುಂದೆ ಬೂದುಗುಂಬಳಕಾಯಿ ಒಡೆಯುತ್ತೇವೆ. ಕೆಲಸ ಕಿತ್ತುಕೊಳ್ಳುವುದಕ್ಕೇ ಬಂದ ಮಿಷನ್ನಾದರೂ ಸರಿ, ಆಯುಧಪೂಜೆ ದಿನ ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಮಂಡಕ್ಕಿ ಹಂಚುತ್ತೇವೆ.

"ಆ ಕುಂಕುಮದ ಸುದ್ದಿ ಎತ್ತಬೇಡಿ" ಎಂದು ಗಿರೀಶ ಲೋಟ ಕೆಳಗಿಟ್ಟ.

ಅವನ ಶೆಡ್ಡಿನ ಹುಡುಗರು ಹಬ್ಬದ ದಿನ ಭಕ್ತಿ ಹೆಚ್ಚಾಗಿ ಸಿಎನ್‌ಸಿಯ ಕೀಲಿಗಳ ಮೇಲೂ ಅರಿಶಿನ ಕುಂಕುಮದ ನೀರು ಬಳಿದಿದ್ದರಂತೆ. ದಶಮಾಂಶ ಚುಕ್ಕಿಯ ಕೀಲಿ ಮೊದಲೇ ಸವೆದು ಹರಿದಿತ್ತು. ನೀರು ಒಳಗಿಳಿದು ಅದು ಪೂರ್ತಿ ಮೌನವ್ರತ ಹಿಡಿಯಿತು. ಮಾರನೇ ದಿನ ಆಪರೇಟರ್ ಹುಡುಗ ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿ "ಎಕ್ಸ್ 70" ಅಂತ ಒತ್ತಿ ಕೊನೆಗೆ ಚುಕ್ಕಿ ಇಟ್ಟ. ಅಂದರೆ ಇಟ್ಟೆ ಅಂದುಕೊಂಡ. ಚುಕ್ಕಿ ಬೀಳಲಿಲ್ಲ. ಚುಕ್ಕಿ ಇದ್ದರೆ ಅದು 70 ಮಿಲಿಮೀಟರು. ಇಲ್ಲದಿದ್ದರೆ ಗಿರೀಶನ ಮಿಷನ್ನಿಗೆ ಅದು 70 ಮೈಕ್ರಾನು, ಒಂದು ತಲೆಗೂದಲಿನ ದಪ್ಪ. 60 ಮಿಲಿಮೀಟರ್ ದಪ್ಪದ ಜಾಬ್, ಅಂದರೆ ಹೆರೆಯಬೇಕಾದ ತುಂಡು, ಗರಗರ ತಿರುಗುತ್ತಿದೆ, ಅದರಿಂದ ಹೊರಗೆ ನಿಲ್ಲಬೇಕಾದ ಟೂಲು ಪೂರ್ತಿ ವೇಗದಲ್ಲಿ ಜಾಬಿನ ನಡುಮಧ್ಯಕ್ಕೇ ನುಗ್ಗಿತು.

"ಸೌಂಡ್ ಬಂತು ನೋಡಿ! ಪಕ್ಕದ ಶೆಡ್ಡಿನವರು ಪಟಾಕಿ ಅಂದ್ಕೊಂಡು ಸ್ವೀಟ್ ಕೇಳ್ಕೊಂಡು ಬಂದ್ರು."

"ಲೇತಲ್ಲಾಗಿದ್ರೆ ಹಂಗಾಗ್ತಿರಲಿಲ್ಲ" ಶಾಮಣ್ಣ ಶುರುಮಾಡಿದರು. "ಹ್ಯಾಂಡ್‌ವೀಲ್ ಕೈಯಲ್ಲಿರುತ್ತೆ. ಟೂಲು ಜಾಬಿಗೆ ತಾಗೋ ಮುಂಚೆ ಅಂಗೈಗೆ ಗೊತ್ತಾಗುತ್ತೆ, ಕಿವಿಗೆ ಗೊತ್ತಾಗುತ್ತೆ. ಚುಕ್ಕಿ ಪಕ್ಕಿ ಏನೂ ಬೇಕಿಲ್ಲ."

"ಆ ಹುಡುಗನಿಗೆ ಏನ್ ಮಾಡ್ದೆ?" ನಾಗರತ್ನಕ್ಕ ಕೇಳಿದರು.

"ಬೈದೆ, ಇನ್ನೇನು? ಮಿಷನ್ನಿಗೆ ಬೈಯೋಕಾಗುತ್ತಾ?"

ನನಗೆ ಇದೇ ಸ್ವಾರಸ್ಯ ಅನಿಸಿದ್ದು. ಮೊದಲು ಕೆಲಸದ ಹದ ಶಾಮಣ್ಣನ ಅಂಗೈಯಲ್ಲಿತ್ತು. 1952ರಲ್ಲಿ ಅಮೆರಿಕದ ಎಂಐಟಿಯವರು ತೂತು ಹೊಡೆದ ಕಾಗದದ ಟೇಪಿನಿಂದ ಒಂದು ಮಿಲಿಂಗ್ ಮಿಷನ್ ನಡೆಸಿ ತೋರಿಸಿದರು. ಹದ ಅಂಗೈಯಿಂದ ಎದ್ದು ಟೇಪಿಗೆ ಹೋಯಿತು. ಟೇಪಿನಿಂದ ಪ್ರೋಗ್ರಾಮಿಗೆ ಬಂತು. ಬೈಗುಳ ಮಾತ್ರ ವಿಳಾಸ ಬದಲಿಸಿಲ್ಲ, ಮಿಷನ್ ಮುಂದೆ ಯಾರು ನಿಂತಿರುತ್ತಾರೋ ಅವರಿಗೇ ಇವತ್ತಿಗೂ ತಲುಪುತ್ತದೆ.

ಶಾಮಣ್ಣನ ಹೆಮ್ಮೆಗೆ ಗಿರೀಶನೂ ಬಿಡಲಿಲ್ಲ. "ನಿಮ್ಮ ಅಂಗೈ ಜ್ಞಾನ ಗೊತ್ತು ಬಿಡಿ ಶಾಮಣ್ಣ. ನೀಲಿ ಚಿಪ್ಸಿನ ಕಥೆ ಹೇಳ್ಲಾ?"

ಲೇತಿನವರ ಚಿಪ್ಸು ಬಾಳೆಕಾಯಿದಲ್ಲ, ಕಬ್ಬಿಣ ಹೆರೆದಾಗ ಸುರುಳಿ ಸುರುಳಿಯಾಗಿ ಬೀಳುವ ಚೂರು. ಶಾಮಣ್ಣನ ಕಾಲದಲ್ಲಿ ಹೈಸ್ಪೀಡ್ ಸ್ಟೀಲಿನ ಟೂಲು. ಅದನ್ನು ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು, ಕಣ್ಣಂದಾಜಿನಲ್ಲೇ ಕೋನ ಕೊಟ್ಟು ಮಸೆಯಬೇಕು. ಹೊಸಬನಿಗೆ ಅದೊಂದು ಕಲಿಯಲಿಕ್ಕೇ ತಿಂಗಳುಗಟ್ಟಲೆ. ಆ ಟೂಲಿನಲ್ಲಿ ಉಕ್ಕು ಹೆರೆಯುವಾಗ ಚಿಪ್ಸು ನೀಲಿ ತಿರುಗಿದರೆ ಟೂಲು ಸುಡುತ್ತಿದೆ ಎಂದರ್ಥ. ತಕ್ಷಣ ಸ್ಪೀಡ್ ಇಳಿಸಬೇಕು. ಇದು ಇವರಿಗೆ ಸಂಧ್ಯಾವಂದನೆಗಿಂತ ಗಟ್ಟಿಯಾಗಿ ತಲೆಯಲ್ಲಿ ಕೂತ ವಿಷಯ.

ಗಿರೀಶ ಹೊಸ ಮಿಷನ್ ತೋರಿಸಲು ಇವರನ್ನು ಕರೆದುಕೊಂಡು ಹೋಗಿದ್ದಾನೆ. ಶಾಮಣ್ಣ ಗಾಜಿನ ಬಾಗಿಲಿಗೆ ಮೂಗು ಒತ್ತಿ ನೋಡುತ್ತಾರೆ: ಒಳಗೆ ರಾಶಿ ರಾಶಿ ಚಿಪ್ಸು, ನವಿಲು ಬಣ್ಣದ ನೀಲಿ. "ಟೂಲ್ ಸುಡ್ತಿದೆ, ನಿಲ್ಸೋ!" ಎಂದು ಕೂಗಿದವರೇ, ಯಾರೂ ತಡೆಯುವಷ್ಟರಲ್ಲಿ ಕೆಂಪು ಎಮರ್ಜೆನ್ಸಿ ಗುಂಡಿ ಗುದ್ದಿಬಿಟ್ಟರು. ಕಚ್ಚಿಕೊಂಡಿದ್ದ ಟೂಲಿನ ತುದಿ ಟಕ್ ಎಂದು ಮುರಿಯಿತು.

"ಕಾರ್ಬೈಡ್ ಇನ್ಸರ್ಟ್ ಕಣ್ರೀ ಅದು, ಬಿಸಿ ತಡೆಯೋ ಗಟ್ಟಿ ತುದಿ! ಆ ಸ್ಪೀಡಿನಲ್ಲಿ ಬಿಸಿಯನ್ನೆಲ್ಲ ಚಿಪ್ಸೇ ಹೊತ್ಕೊಂಡು ಹೋಗ್ಬೇಕು. ನೀಲಿ ಬಂದ್ರೆ ಸರಿಯಾಗಿ ನಡೀತಿದೆ ಅಂತ!"

ಶಾಮಣ್ಣ ಮಾತಾಡಲಿಲ್ಲ, ಚಟ್ನಿ ನೆಕ್ಕಿದರು. ಮೂವತ್ತೈದು ವರ್ಷದ ವಿದ್ಯೆ ಬರೀ ಹಳೆಯದಾಗಿದ್ದರೆ ಒಂದು ಮಾತು. ಅದು ಉಲ್ಟಾ ಆಗಿತ್ತು. ಅವರು ಯಾವುದನ್ನು ತಪ್ಪು ಎಂದು ಕಲಿತಿದ್ದರೋ ಅದೇ ಈಗ ಸರಿ. ಆಮೇಲೆ ತಲೆಯೆತ್ತಿ, "ಇನ್ಸರ್ಟಿಗೆ ನಾಲ್ಕು ಮೂಲೆ ಇರುತ್ತೆ. ಮುರಿದಿದ್ದು ಒಂದೇ. ನೀನು ನಾಲ್ಕರ ದುಡ್ಡು ಕೇಳ್ತಿದೀಯ" ಅಂದರು. ಗಿರೀಶ ನಕ್ಕ, ಆದರೆ ಬೇಡ ಅನ್ನಲಿಲ್ಲ.

ವಿಷಯ ಗಡಿಯಾರಕ್ಕೆ ಹಾರಿತು, ಜಾಲಹಳ್ಳಿಯಲ್ಲಿ ನಿಂತು ಅದನ್ನು ಬಿಟ್ಟರೆ ಹೇಗೆ? ಎಚ್‌ಎಂಟಿ ಇಲ್ಲಿ ಸಿಟಿಜನ್ ಕಂಪನಿಯ ನೆರವಿನಿಂದ ಗಡಿಯಾರ ಕಾರ್ಖಾನೆ ಶುರುಮಾಡಿದ್ದು 1961ರಲ್ಲಿ. ಅದೇ ವರ್ಷ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಯೂನಿಮೇಟ್ ಎಂಬ ಮೊದಲ ರೋಬೋ ಕೆಲಸಕ್ಕೆ ಸೇರಿ, ಅಚ್ಚಿನಿಂದ ಬಂದ ಸುಡುಸುಡು ಲೋಹದ ಭಾಗಗಳನ್ನು ಎತ್ತಿಡತೊಡಗಿತು. ನಮ್ಮ ಗಡಿಯಾರಕ್ಕೆ ಕಂಟಕವಾದದ್ದು ಆ ರೋಬೋ ಅಲ್ಲ, ಒಂದು ಹರಳು. ಸೆಕೆಂಡಿಗೆ 8,192 ಸಲ ನಡುಗುವ ಕ್ವಾರ್ಟ್ಜ್ ಹರಳು. 1969ರಲ್ಲಿ ಜಪಾನಿನ ಸೈಕೋ ಅದನ್ನು ಕೈಗಡಿಯಾರದಲ್ಲಿಟ್ಟು ಮಾರಿತು. ಕೀ ಕೊಡುವ ಗಡಿಯಾರ, ಅದರ ಸ್ಪ್ರಿಂಗು, ಹಲ್ಲುಚಕ್ರ, ಅವನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಬೆರಳುಗಳು, ಎಲ್ಲಕ್ಕೂ ನಡುಕ ಹತ್ತಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು.

ಶಾಮಣ್ಣನ ಕೈಯಲ್ಲಿ ಇನ್ನೂ ಎಚ್‌ಎಂಟಿಯ 'ಜನತಾ' ಗಡಿಯಾರ ಇದೆ. ದಿನಾ ಬೆಳಿಗ್ಗೆ ಕೀ ಕೊಡುತ್ತಾರೆ. ಟೈಮ್ ಮಾತ್ರ ಫೋನಿನಲ್ಲಿ ನೋಡುತ್ತಾರೆ.

"ನೀವೆಲ್ಲ ಪೂರ್ತಿ ವಸ್ತು ಮಾಡಿದವರು, ಪುಣ್ಯವಂತರು" ಅಂದರು ನಾಗರತ್ನಕ್ಕ. "ನಾನು ಹನ್ನೆರಡು ವರ್ಷದಿಂದ ಕಾಲರ್ ಕೂರಿಸ್ತಿದೀನಿ. ಬರೀ ಕಾಲರ್ರು. ತೋಳು ಪಕ್ಕದವಳದ್ದು, ಜೇಬು ಅದರಾಚೆಯವಳದ್ದು. ಮನೆಯಲ್ಲಿ ನಮ್ಮ ಯಜಮಾನರು ಒಂದು ಶರ್ಟ್ ಹೊಲಿದುಕೊಡು ಅಂದ್ರು. ಕಾಲರ್ ಹೊಲ್ದು ಕೊಟ್ಟೆ, ಮಿಕ್ಕಿದ್ದಕ್ಕೆ ಲೈನಿನವರನ್ನೆಲ್ಲ ಮನೆಗೆ ಕರೀಬೇಕು ಅಂದೆ."

ಇದರ ಮೂಲಪುರುಷ ಫೋರ್ಡ್ ಎಂದು ನಾನು ಬಾಯಿ ಹಾಕಿದೆ. 1913ರಲ್ಲಿ ಅವನು ಕಾರನ್ನೇ ಕೆಲಸಗಾರನ ಮುಂದೆ ಸರಿಯುವಂತೆ ಮಾಡಿದ. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ ಜೋಡಣೆ ಒಂದೂವರೆ ಗಂಟೆಗೆ ಇಳಿಯಿತು. ಒಂದೇ ಬೋಲ್ಟು ತಿರುಗಿಸಿ ತಿರುಗಿಸಿ ತಲೆಕೆಟ್ಟವರು ಕೆಲಸ ಬಿಟ್ಟು ಓಡತೊಡಗಿದರು. 1914ರಲ್ಲಿ ಅವರನ್ನು ಹಿಡಿದಿಡಲು ದಿನಕ್ಕೆ ಐದು ಡಾಲರ್ ಅಂತ ಘೋಷಿಸಬೇಕಾಯಿತು.

"ಓಡಿದ್ರೆ ಕೂಲಿ ಜಾಸ್ತಿ ಮಾಡಿದ್ನಾ?" ನಾಗರತ್ನಕ್ಕನ ಕಣ್ಣರಳಿತು. "ನಮ್ಮಲ್ಲಿ ಓಡಿದ್ರೆ ಗೇಟಿನ ಹೊರಗೆ ಬೇರೆಯವಳು ಬ್ಯಾಗ್ ಹಿಡ್ಕೊಂಡು ನಿಂತಿರ್ತಾಳೆ." ಅವರ ಲೈನಿಗೆ ಈಗ ದಾರವನ್ನು ತಾನೇ ಕತ್ತರಿಸುವ ಮಿಷನ್ ಬಂದಿದೆಯಂತೆ. ಮೊದಲು ಕತ್ತರಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ ಹೆಲ್ಪರ್ ಹುಡುಗಿ ಕಾಣೆ. ಉಳಿದ ಸೆಕೆಂಡುಗಳನ್ನೆಲ್ಲ ಕೂಡಿಸಿ ಇವರ ಟಾರ್ಗೆಟ್ಟಿಗೆ ಸೇರಿಸಿದ್ದಾರೆ. "ಮಿಷನ್ ದಾರ ಕತ್ತರಿಸುತ್ತೆ ನಿಜ. ಅವಳು ಜೊತೆಗೆ ಊರಿನ ಸುದ್ದಿನೂ ಹೇಳೋಳು."

ಗಿರೀಶ ಆಗ ಗುಟ್ಟು ಬಿಟ್ಟ. ಜಾಬ್ ಎತ್ತಿ ಚಕ್ ಎಂಬ ಮಿಷನ್ನಿನ ಹಿಡಿತಕ್ಕೆ ಕೂರಿಸಲು ಅವನೊಂದು ರೋಬೋ ಕೈ ತರುವ ಯೋಚನೆಯಲ್ಲಿದ್ದಾನೆ. ಪ್ರೋಗ್ರಾಮ್ ಕೂಡ ಬೇಡವಂತೆ. ಹುಡುಗ ಆ ಕೈ ಹಿಡಿದು ಒಂದು ಸಲ ಇಲ್ಲಿಂದ ಅಲ್ಲಿಗೆ ಒಯ್ದು ತೋರಿಸಿದರೆ ಮುಗಿಯಿತು, ಕಲಿತುಬಿಡುತ್ತದೆ.

"ಅಕ್ಷರಾಭ್ಯಾಸ ಮಾಡಿಸಿದಂಗೆ?" ಶಾಮಣ್ಣ ಕೇಳಿದರು.

"ಹೂಂ, ಅಕ್ಕಿ ಮೇಲೆ ಕೈ ಹಿಡಿದು ಬರೆಸ್ತೀವಲ್ಲ, ಹಾಗೇ."

"ಯಾವ ಹುಡುಗ ಕಲಿಸೋದು? ಚುಕ್ಕಿಗೆ ಬೈಸಿಕೊಂಡನಲ್ಲ, ಅವನೇನಾ?"

"ಅವನೇ. ಬುದ್ಧಿವಂತ."

"ಕಲಿಸಿದ ಮೇಲೆ ಅವನೇನು ಮಾಡ್ಬೇಕು?"

ಗಿರೀಶ ಕಾಫಿ ಕುಡಿದ. ಲೋಟ ಖಾಲಿಯಾಗಿ ಆಗಲೇ ಹತ್ತು ನಿಮಿಷವಾಗಿತ್ತು.

"ದ್ರೋಣ ಎಷ್ಟೋ ವಾಸಿ ಕಣೋ" ಅಂದರು ಶಾಮಣ್ಣ. "ಶಿಷ್ಯನ ಬೆರಳು ಕೇಳ್ದ. ನಿನ್ನ ಶಿಷ್ಯ ಗುರುವಿಂದೇ ಕೇಳುತ್ತೆ."

"ನಾನು ತರದಿದ್ರೆ ಪಕ್ಕದ ಶೆಡ್ಡಿನವನು ತರ್ತಾನೆ ಶಾಮಣ್ಣ. ರೇಟು ಒಂದು ರೂಪಾಯಿ ಇಳಿಸ್ತಾನೆ. ಆಗ ಹುಡುಗನ ಜೊತೆ ನಾನೂ ಬೀದೀಲಿರ್ತೀನಿ" ಎಂದ ಗಿರೀಶ. ಅದೂ ಸುಳ್ಳಲ್ಲ. ಸ್ವಲ್ಪ ಹೊತ್ತು ನಾಲ್ವರೂ ಖಾಲಿ ತಟ್ಟೆ ನೋಡಿದೆವು. ನಾನು ಅಲೋಯನ್ಸಿನ ಹಳೇ ಕಥೆ ತೆಗೆಯಲು ಹೋದೆ, "ನೀವು ಸುಮ್ನಿರಿ ಮೂರ್ತಿಗಳೇ" ಎಂದು ಮೂವರೂ ಒಟ್ಟಿಗೆ ಅಂದರು.

ಇನ್ನೊಂದು ಸುತ್ತು ಕಾಫಿ ಎಂದು ಕೌಂಟರಿನತ್ತ ತಿರುಗಿದರೆ, ಪರದೆಯ ಪಕ್ಕದಲ್ಲಿ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದಾನೆ, ನಮ್ಮ ಮಂಜಣ್ಣ! ವಯಸ್ಸಾದವರಿಗೆ ಒತ್ತಲು ಬರುವುದಿಲ್ಲ, ಟೋಕನ್ ಕಾಗದ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಅವನನ್ನು ಅಲ್ಲೇ ನಿಲ್ಲಿಸಿದ್ದಾರೆ. ಮೊದಲು ಕೂತು ಮಾಡುತ್ತಿದ್ದ ಕೆಲಸ, ಈಗ ನಿಂತು.

ಶಾಮಣ್ಣನ ಮುಖ ಇಡ್ಲಿಯಂತೆ ಅರಳಿತು. ಎಡಗೈ ಎತ್ತಿ ನಾಲ್ಕು ಬೆರಳು ತೋರಿಸಿದರು. ಮಂಜಣ್ಣ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು, ಪರದೆಯ ಮೇಲೆ ನಾಲ್ಕು ಸಲ ಒತ್ತಿದ.

"ಲೋ, ನಾಲ್ಕಲ್ವೋ!"

"ಇದರಲ್ಲಿ ಅರ್ಧ ಬರಲ್ಲ ಶಾಮಣ್ಣ" ಅಂದ ಮಂಜಣ್ಣ.