5 ಗುಂಟೆ ಕಬ್ಬು ಇದೆ, ಮನೆಯಲ್ಲೇ ಆಲೆಮನೆ ಮಾಡಿದವರು ಹೇಳಿ

ಗದ್ದೆಮನೆ ಸೊಸೆ:
ನಮಸ್ಕಾರ. ನಮ್ಮದು ಸಿದ್ದಾಪುರದ ಹತ್ತಿರ. ಎರಡು ವರ್ಷದ ಹಿಂದೆ ಬೆಂಗಳೂರು ಬಿಟ್ಟು ಊರಿಗೆ ಬಂದೆವು. ತೋಟದ ಕೆಳಗಿನ ಗದ್ದೆಯಲ್ಲಿ 5 ಗುಂಟೆ ಕಬ್ಬು ಹಾಕಿದ್ದೆವು, ಹಂದಿ ತಿಂದು ಉಳಿದದ್ದು ಚೆನ್ನಾಗಿ ಬಂದಿದೆ. ಹಳೆಯ ಗಾಣ, ಇಂಜಿನ್ ಸಮೇತ, 95,000ಕ್ಕೆ ಕೊಡುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ. ತಗೊಳ್ಳೋದಾ, ಬಾಡಿಗೆ ಗಾಣ ಕರೆಸೋದಾ? ಜೋನಿ ಬೆಲ್ಲ (ಗಟ್ಟಿಯಾಗದ, ಜೇನಿನಂಥ ಬೆಲ್ಲ) ಮನೆ ಖರ್ಚಿಗೆ, ಉಳಿದರೆ ಮಾರಬಹುದು. ತೊಡೆದೇವು (ಬೋರಲು ಗಡಿಗೆಯ ಮೇಲೆ ಎರೆಯುವ ತೆಳ್ಳನೆಯ ಸಿಹಿ ತಿಂಡಿ) ಕಲಿಯುವ ಆಸೆಯೂ ಇದೆ. ಅತ್ತೆ ಇಲ್ಲ, ಹೇಳಿಕೊಡುವವರು ಯಾರೂ ಇಲ್ಲ. ಮಾಡಿದವರು ದಯವಿಟ್ಟು ಹೇಳಿ.

ಗಾಣ ಮಾರಿದವ:
ತಗೋಬೇಡಿ. ನಾನು ತಗೊಂಡು ಕೈ ಸುಟ್ಟುಕೊಂಡವನು. ಗಾಣಕ್ಕೆ 1,10,000. ಅದನ್ನು ಮನೆಗೆ ತರಲು ಗಾಡಿ ಬಾಡಿಗೆ 4,500, ಮನೆ ಇಳಿಜಾರಿನಲ್ಲಿ ಇಳಿಸಲು ಮತ್ತೆ ಆರು ಜನ ಬೇಕಾಯಿತು. ಬೇರಿಂಗ್ 6,400. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ 22,000. ಒಲೆ ಕಟ್ಟಿಸಿದ್ದು ಎರಡು ಸಲ, ಮೊದಲನೆಯದು ಹೊಗೆ ಎಳೆಯಲೇ ಇಲ್ಲ. ಇಷ್ಟೆಲ್ಲಾ ಆಗಿ ಮೊದಲ ವರ್ಷ ಅರ್ಧ ಕಬ್ಬು ಅರೆದಿದ್ದೆವು, ಅಷ್ಟರಲ್ಲಿ ಗಾಣದ ಹಲ್ಲು ಮುರಿಯಿತು. ಕಬ್ಬು ಆಗಲೇ ಕಡಿದು ರಾಶಿ ಹಾಕಿದ್ದೆ. ಹಲ್ಲು ಮಾಡಿಸಿಕೊಂಡು ಬರುವಷ್ಟರಲ್ಲಿ ನಾಲ್ಕು ದಿನ ಕಳೆಯಿತು. ಕಡಿದ ಕಬ್ಬು ನಾಲ್ಕು ದಿನ ಬಿಸಿಲಿಗೆ ಬಿದ್ದರೆ ಏನಾಗುತ್ತದೆ ಅಂತ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಹಾಲು ಹುಳಿ. ಎಷ್ಟು ಸುಣ್ಣ ಬಿಟ್ಟರೂ ಸರಿಯಾಗಲಿಲ್ಲ. ಆ ಜೋನಿ ತುಂಬಿದ 9 ಡಬ್ಬಿ ಮಳೆಗಾಲದಲ್ಲಿ ಉಬ್ಬಿ, ಒಂದರ ಮುಚ್ಚಳ ರಾತ್ರಿ ಹೊತ್ತು ಹಾರಿ ಮಾಡಿಗೆ ಬಡಿಯಿತು. ಹೆಂಡತಿ ಕಳ್ಳ ಬಂದ ಅಂತ ಎದ್ದು ಕೂತಳು. ಮೂರನೇ ವರ್ಷ ಗಾಣವನ್ನು 60,000ಕ್ಕೆ ಮಾರಿದೆ. ಈಗ ಬಾಡಿಗೆ ಗಾಣದವರು ಟ್ರಾಲಿ ತಂದು ಗದ್ದೆ ಬದುವಿನಲ್ಲಿ ನಿಲ್ಲಿಸುತ್ತಾರೆ, ಕೊಪ್ಪರಿಗೆ ಲೆಕ್ಕದಲ್ಲಿ ದುಡ್ಡು ತಗೊಂಡು ಹೋಗುತ್ತಾರೆ. ಅವರ ಹಲ್ಲು ಮುರಿದರೆ ಅವರ ತಲೆನೋವು.

ಕೋಣದ ಗಾಣ:
ಮೇಲಿನವರ ಗಾಣ ಹಾಳಾದದ್ದು ಗಾಣದ ತಪ್ಪಲ್ಲ. ಎಣ್ಣೆ ಕಾಣಿಸದೆ, ಮಳೆಗಾಲದಲ್ಲಿ ಕೊಟ್ಟಿಗೆ ಹಿಂದೆ ಬಿಟ್ಟರೆ ಯಾವ ಗಾಣ ಉಳಿಯುತ್ತದೆ? ನಮ್ಮದು ಸಾಗರದ ಕಡೆ, ಇವತ್ತಿಗೂ ಕೋಣ ಕಟ್ಟಿಯೇ ಅರೆಯುವುದು. ನಿಧಾನ ಹೌದು. ಬೆಳಗಿನ ಜಾವ ನಾಲ್ಕಕ್ಕೆ ಕಟ್ಟಿದರೆ ಸಂಜೆಯೊಳಗೆ ಎರಡು ಕೊಪ್ಪರಿಗೆ, ಅಷ್ಟೇ. ಆದರೆ ಹಾಲಿಗೆ ಡೀಸೆಲ್ ವಾಸನೆ ಇಲ್ಲ. ಕೋಣ ಜೋಡಿ ಸಾಕಲು ಹಿಂಡಿ, ಹುಲ್ಲು ಸೇರಿ ವರ್ಷಕ್ಕೆ ಎಷ್ಟು ಅಂತ ಕೇಳಬೇಡಿ, ಮನೆಯವರು ಓದುತ್ತಾರೆ. ಹೋದ ಸಲ ಆಲೆಮನೆ ಹಬ್ಬ ಅಂತ ಪೇಟೆಯಿಂದ 80 ಜನ ಬಂದರು. ಹಾಲು, ಮಂಡಕ್ಕಿ, ಮಿರ್ಚಿ ಬಜ್ಜಿ, ನೊರೆಬೆಲ್ಲ. ಬಾಳೆಲೆಯ ಮೇಲೆ ನೊರೆಬೆಲ್ಲ ತಿಂದವರು ಡಬ್ಬಿ ಗಟ್ಟಲೆ ಒಯ್ದರು.

ಗಾಣ ಮಾರಿದವ:
ಎಣ್ಣೆ ಕಾಣಿಸಿಲ್ಲ ಅಂತ ನಿಮಗೆ ಹೇಗೆ ಗೊತ್ತು ಭಾವ? ನೀವು ನಮ್ಮನೆಗೆ ಬಂದಿದ್ದಿರಾ? ಪೇಟೆಯವರಿಗೆ ಬಜ್ಜಿ ಮಾರಿ ಬಂದ ದುಡ್ಡನ್ನು ಬೆಲ್ಲದ ಲಾಭ ಅಂತ ತೋರಿಸಬೇಡಿ.

ಮಂಡ್ಯ ಹೈದ:
ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಜೋನಿ ಅಂದ್ರೆ ಪಾಕ ಬರೋ ಮೊದಲೇ ಇಳಿಸಿದ ಬೆಲ್ಲ ಅಲ್ವಾ? ನಮ್ಮಲ್ಲಿ 118 ಡಿಗ್ರಿ ಹತ್ತಿರ ಇಳಿಸಿ ಅಚ್ಚಿಗೆ ಹುಯ್ದರೆ ಬೆಳಿಗ್ಗೆಗೆ ಮಾಲು ರೆಡಿ. ಡಬ್ಬಿ ಉಬ್ಬೋ ಕತೆಯೇ ಇಲ್ಲ. ಆದರೂ ನಾನು ಆಲೆಮನೆ ಮುಚ್ಚಿದೆ. ಸುಳ್ಳು ಹೇಳಲ್ಲ, ನಾವೂ ಬೆಲ್ಲ ಬೆಳ್ಳಗಾಗಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕ್ತಿದ್ದೆವು. ಮಗಳಿಗೆ ಬೆಲ್ಲದ ತುಂಡು ಕೊಡೋಕೆ ಕೈ ಬರಲಿಲ್ಲ, ಅವತ್ತೇ ಹೈಡ್ರೋಸ್ ನಿಲ್ಲಿಸಿದೆ. ಬರೀ ಸುಣ್ಣ, ಬೆಂಡೆ ಗಿಡದ ಲೋಳೆ. ಬೆಲ್ಲ ಕಪ್ಪಗಾಯ್ತು. ಮಂಡಿಗೆ ಒಯ್ದರೆ ಕ್ವಿಂಟಲಿಗೆ 400 ಕಡಿಮೆ ಹೇಳಿದರು. ಎರಡು ವರ್ಷ ಅದೇ ರೇಟಿಗೆ ಕೊಟ್ಟೆ, ಒಲೆಗೆ ಉರಿ ಹಾಕೋ ಆಳುಗಳ ಮುಂಗಡವೇ 1,80,000 ಆಗಿತ್ತು, ಇಬ್ಬರು ಅದನ್ನು ತಗೊಂಡು ಊರು ಬಿಟ್ಟರು. ಈಗ ಕಬ್ಬು ಕಾರ್ಖಾನೆಗೆ.

ಕೋಣದ ಗಾಣ:
ಜೋನಿ ಅರ್ಧ ಬೆಂದ ಬೆಲ್ಲ ಅಂದರೆ ತುಪ್ಪ ಅರ್ಧ ಬೆಂದ ಬೆಣ್ಣೆ ಅಂದಂಗಾಯಿತು. ಜೋನಿ ಇಳಿಸುವ ಹದ ಇನ್ನೂ ಸೂಕ್ಷ್ಮ. 105, 106 ಡಿಗ್ರಿ ಅಷ್ಟೇ. ಒಂದು ನಿಮಿಷ ಮುಂಚೆ ಇಳಿಸಿದರೆ ನೀರು, ಹುಳಿ ಬರುತ್ತದೆ. ತಡವಾದರೆ ಡಬ್ಬಿಯಲ್ಲೇ ಗಟ್ಟಿ. ನಮ್ಮಪ್ಪ ಥರ್ಮಾಮೀಟರ್ ನೋಡಿದವರಲ್ಲ, ಸಟ್ಟುಗದಿಂದ ಎಳೆ ಬೀಳುವುದು ನೋಡಿ ಇಳಿಸಿ ಅನ್ನುತ್ತಿದ್ದರು.

ಮಂಡ್ಯ ಹೈದ:
ನಾನು ಅರ್ಧ ಬೆಂದದ್ದು ಅಂದೇ ಇಲ್ಲ ಸ್ವಾಮಿ. ಮತ್ತೆ ಓದಿ.

ಮೇಪಲ್ ಮನೆ:
ನಾನು ಹೊಸನಗರದವಳು, ಈಗ ಅಮೆರಿಕದ ವರ್ಮಾಂಟಿನಲ್ಲಿ ಇದ್ದೇನೆ. ಇಲ್ಲಿ ಮೇಪಲ್ ಮರಕ್ಕೆ ತೂತು ಕೊರೆದು ನೀರಿನಂಥ ರಸ ಇಳಿಸಿ ಕುದಿಸುತ್ತಾರೆ, ನಾವೂ ಮನೆ ಹಿಂದಿನ 18 ಮರಕ್ಕೆ ಶುರು ಮಾಡಿದೆವು. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬೆಚ್ಚಗೆ, ಆಗ ಮಾತ್ರ ರಸ ಇಳಿಯುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ. ನಿಮ್ಮ ಕಬ್ಬಿನ ಹಾಲು 5 ಲೀಟರಿಗೆ ಒಂದು ಕೆ.ಜಿ. ಜೋನಿ ಕೊಡುತ್ತದೆ ಅಂತ ಬೇಜಾರು ಮಾಡಬೇಡಿ. ಇಲ್ಲಿ 40 ಲೀಟರ್ ಕುದಿಸಿದರೆ ಒಂದು ಲೀಟರ್! ಮೊದಲ ವರ್ಷ ಅಡುಗೆಮನೆಯಲ್ಲೇ ಕುದಿಸಿದೆ, ಎರಡೇ ದಿನಕ್ಕೆ ಆವಿಗೆ ಗೋಡೆಯ ಕಾಗದ ಕಿತ್ತು ಬಂತು, ಅದನ್ನು ಸರಿ ಮಾಡಿಸಲು 900 ಡಾಲರ್. ಸಿರಪ್ ಸಿಕ್ಕಿದ್ದು 14 ಲೀಟರ್. ಗಂಡ ಇವತ್ತಿಗೂ ದೋಸೆಗೆ ಹಾಕಿಕೊಳ್ಳುವಾಗ ಲೆಕ್ಕ ಹೇಳುತ್ತಾರೆ. ಈಗ ಹೊರಗೆ ಇಟ್ಟಿಗೆ ಒಲೆ ಕಟ್ಟಿದ್ದೇವೆ. ನೊರೆ ಉಕ್ಕಿದರೆ ಚೂರು ಬೆಣ್ಣೆ ಹಾಕುತ್ತೇವೆ, ನಮ್ಮೂರಲ್ಲಿ ಎರಡು ಹನಿ ಎಣ್ಣೆ ಬಿಡುತ್ತಿದ್ದರಲ್ಲ, ಹಾಗೇ. ಬಿಸಿ ಪಾಕವನ್ನು ಹಿಮದ ಮೇಲೆ ಹುಯ್ದು ಉಪ್ಪಿನಕಾಯಿ ಜೊತೆ ತಿನ್ನುತ್ತಾರೆ ಇಲ್ಲಿ. ಮೊದಲ ಸಲ ನೋಡಿದಾಗ ಅಜ್ಜನ ಮನೆಯ ಆಲೆಮನೆಯೇ ನೆನಪಾಗಿ ಕಣ್ಣು ತುಂಬಿತು.

ಗಾಣ ಮಾರಿದವ:
ಅಕ್ಕಾ, ಪಾಪ ಅವರು ಕೇಳಿದ್ದು ಸಿದ್ದಾಪುರದ ಕಬ್ಬು.

ಮೇಪಲ್ ಮನೆ:
ಗೊತ್ತು ತಮ್ಮಾ. ನೀವು ಮಾತ್ರ ಡಬ್ಬಿ ಮುಚ್ಚಳದ ಕತೆ ಹೇಳಬಹುದು, ನಾನು ಗೋಡೆ ಕಾಗದದ ಕತೆ ಹೇಳಬಾರದಾ?

ಮೂರು ಗಡಿಗೆ ಒಡೆದವಳು:
ತೊಡೆದೇವು ಬಗ್ಗೆ ಯಾರೂ ಹೇಳಲಿಲ್ಲ. ನಾನು ಸಿರ್ಸಿ, ಮಾರುವುದಕ್ಕೇ ಮಾಡುತ್ತೇನೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಬೀಸಿ, ನೀರಿನ ಬದಲು ಕಬ್ಬಿನ ಹಾಲು, ಚಿಟಿಕೆ ಅರಿಶಿನ. ಹಿಟ್ಟು ಮಜ್ಜಿಗೆ ಹದ. ಅಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಗಡಿಗೆ. ಹೊಸ ಗಡಿಗೆ ತಂದು ಬೋರಲು ಹಾಕಿ ಸೀದಾ ಉರಿ ಕೊಟ್ಟೆ, ಟಪ್ ಅಂತ ಸೀಳಿತು. ಎರಡನೆಯದಕ್ಕೆ ಎಣ್ಣೆ ಜಾಸ್ತಿ ಸವರಿದೆ, ಹಿಟ್ಟು ನಿಲ್ಲಲೇ ಇಲ್ಲ, ಸಿಟ್ಟಿನಲ್ಲಿ ಸೌಟಿನಿಂದ ತಟ್ಟಿದೆ, ಅದೂ ಹೋಯಿತು. ಮೂರನೆಯದು ಬೆಕ್ಕು. ನಾಲ್ಕನೆಯದನ್ನು ಒಂದು ವಾರ ದಿನಾ ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಪಳಗಿಸಿದೆ, ಆರು ವರ್ಷದಿಂದ ಅದೇ. ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಎಳೆತಕ್ಕೆ ಎಳೆಯಬೇಕು. ಜೋನಿ ಸವರಿ ಗರಿ ಆಗುವ ಮೊದಲೇ ಮಡಚಬೇಕು. ಮಾರುವುದಾದರೆ ಆಹಾರ ಸುರಕ್ಷತೆ ನೋಂದಣಿ ಮಾಡಿಸಿ, ನಾನು ಮಾಡಿಸಿದಾಗ ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ ಬರೀ 100 ರೂಪಾಯಿ ಇತ್ತು. ನಾನು ಮಧ್ಯವರ್ತಿಗೆ 2,500 ಕೊಟ್ಟು ಮೋಸ ಹೋದೆ.

ಕೋಣದ ಗಾಣ:
ತೊಡೆದೇವಿಗೆ ಜೋನಿ ಸವರುವುದಾ? ನಮ್ಮನೆಯಲ್ಲಿ ಪುಡಿ ಸಕ್ಕರೆ, ಏಲಕ್ಕಿ.

ಮೂರು ಗಡಿಗೆ ಒಡೆದವಳು:
ಕೋಣ ಕಟ್ಟಿ ಜೋನಿ ಮಾಡುವ ಮನೆಯಲ್ಲಿ ತೊಡೆದೇವಿಗೆ ಅಂಗಡಿ ಸಕ್ಕರೆ! ಮಂಡ್ಯದವರೇ, ಕೇಳಿದಿರಾ?

ಮಂಡ್ಯ ಹೈದ:
ಕೇಳಿಸ್ತು ಅಕ್ಕ. ನಾನೇನೂ ಅನ್ನಲ್ಲ, ಆಮೇಲೆ ಮತ್ತೆ ನನ್ನ ಮೇಲೇ ಬರ್ತಾರೆ.

ಕೋಣದ ಗಾಣ:
ಅಜ್ಜಿಯ ಕಾಲದಿಂದ ನಡೆದು ಬಂದದ್ದು. ಜೋನಿ ಹಾಕಿದರೆ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಮಾರುವವರಿಗೆ ಅದು ಗೊತ್ತಿರಬೇಕಿತ್ತು.

ಮೂರು ಗಡಿಗೆ ಒಡೆದವಳು:
ನನ್ನದು ಇಪ್ಪತ್ತು ದಿನ ಗರಿಗರಿ ಇರುತ್ತದೆ. ವಿಳಾಸ ಕೊಡಿ, ಕಳಿಸುತ್ತೇನೆ. ಕೊರಿಯರ್ ದುಡ್ಡು ನಿಮ್ಮದು.

ಗದ್ದೆಮನೆ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. 95,000ದ ಗಾಣ ಬೇಡ ಅಂತ ಹೇಳಿಬಿಟ್ಟೆವು. ಬಾಡಿಗೆಯವರಿಗೆ ಫೋನ್ ಮಾಡಿದೆ, ಫೆಬ್ರವರಿ ಎರಡನೇ ವಾರ ಬರುತ್ತಾರಂತೆ. 5 ಗುಂಟೆಗೆ ಆರು ಕೊಪ್ಪರಿಗೆ ಆಗಬಹುದು ಅಂದರು. ಕಟ್ಟಿಗೆ ಎಷ್ಟಿದೆ ಅಂತ ಕೇಳಿದರು. ಕಬ್ಬಿನ ಸಿಪ್ಪೆಯನ್ನೇ ಉರಿಸೋದಲ್ವಾ ಅಂದಿದ್ದಕ್ಕೆ ಜೋರಾಗಿ ನಕ್ಕರು. ಯಾಕೆ?

ಗಾಣ ಮಾರಿದವ:
ಅವತ್ತು ಅರೆದ ಸಿಪ್ಪೆ ಹಸಿ ಇರುತ್ತದೆ ತಂಗಿ, ಎರಡು ಮೂರು ದಿನ ಬಿಸಿಲು ಬೇಕು. ನಿಮ್ಮ ಕಬ್ಬು ಒಂದೂವರೆ ದಿನದಲ್ಲಿ ಮುಗಿಯುತ್ತದೆ. ಪೂರ್ತಿ ಕಟ್ಟಿಗೆಯಲ್ಲೇ ಕಾಯಿಸಬೇಕು. ಈಗಲೇ ಒಡೆಸಿ ಇಡಿ. ನನಗೆ ಆ ವರ್ಷ ಕಟ್ಟಿಗೆಗೆ ಎಷ್ಟು ಬಿತ್ತು ಗೊತ್ತಾ

ಕೋಣದ ಗಾಣ:
ಶುರುವಾಯಿತು.